ಗುಡ್ಡಗಾಡಿನ ಡಾಕ್ಟರಿಗೆ ಮುಂದಾಳತ್ವ ಕಲಿಸುವವರು ಯಾರು?

ಕೊಡಗಿನಲ್ಲಿ ನಾಯಕತ್ವದ ಮಾತೆತ್ತಿದರೆ ಮೊದಲು ನೆನಪಾಗುವುದು ಸೇನೆ. 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ದಂಡನಾಯಕರಾದ ಕೆ.ಎಂ. ಕಾರ್ಯಪ್ಪ, 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರಾಗಿದ್ದ ಕೆ.ಎಸ್. ತಿಮ್ಮಯ್ಯ, ಇಬ್ಬರೂ ಮಡಿಕೇರಿಯ ವೃತ್ತಗಳಲ್ಲಿ ಪ್ರತಿಮೆಗಳಾಗಿ ನಿಂತಿದ್ದಾರೆ. ತಿಮ್ಮಯ್ಯನವರ ‘ಸನ್ನಿ ಸೈಡ್’ ಮನೆ 2021ರಿಂದ ವಸ್ತುಸಂಗ್ರಹಾಲಯ. ಈ ಅಭಿಮಾನದ ನಡುವೆ ಒಂದು ಸಂಗತಿ ಮಾತ್ರ ಮರೆಯಾಗುತ್ತದೆ. ಅವರ ಮುಂದಾಳತ್ವ ಬರೀ ರಕ್ತದಿಂದ ಬಂದದ್ದಲ್ಲ, ಕಲಿತು ಬಂದದ್ದು. ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ 1933ರಲ್ಲಿ ಹೋದ ಮೊದಲ ಭಾರತೀಯ ಅಧಿಕಾರಿ ಕಾರ್ಯಪ್ಪನವರೇ. ಇವತ್ತಿಗೂ ಲೆಫ್ಟಿನೆಂಟ್ ಆಗಿ ಸೇರಿದವರು ಒಂದೊಂದು ಮೆಟ್ಟಿಲು ಹತ್ತುವಾಗಲೂ ಒಂದೊಂದು ತರಬೇತಿಗೆ ಹೋಗುತ್ತಾರೆ. ಆಯ್ದವರು ನೀಲಗಿರಿಯ ವೆಲಿಂಗ್ಟನ್‌ ಸ್ಟಾಫ್ ಕಾಲೇಜಿನವರೆಗೂ ಹೋಗಿಬರುತ್ತಾರೆ. ಮೂವತ್ತು ಜನರನ್ನು ನಡೆಸುವುದೇ ಬೇರೆ, ಸಾವಿರ ಜನರನ್ನು ನಡೆಸುವುದೇ ಬೇರೆ ಎಂದು ಸೇನೆ ನಂಬುತ್ತದೆ. ಆ ನಂಬಿಕೆಗಾಗಿ ಕಾಲವನ್ನೂ ಹಣವನ್ನೂ ಕೊಡುತ್ತದೆ.

ಅದೇ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಎಂಬಿಬಿಎಸ್ ಮುಗಿಸಿ ವರ್ಷ ತುಂಬದ ಡಾಕ್ಟರು ಬಂದು ಸೇರುತ್ತಾರೆ ಎಂದುಕೊಳ್ಳಿ. ಕುರ್ಚಿಯ ಮೇಲೆ ಕೂತ ದಿನವೇ ಅವರು ‘ಆಡಳಿತ ವೈದ್ಯಾಧಿಕಾರಿ’. ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ ಇಂಥ ಒಂದು ಕೇಂದ್ರಕ್ಕೆ ನಿಗದಿಯಾದ ಜನಸಂಖ್ಯೆ 20,000. 2011ರ ಜನಗಣತಿಯಂತೆ ಕೊಡಗಿನ ಒಟ್ಟು ಜನ ಐದೂವರೆ ಲಕ್ಷ; ಚದರ ಕಿಲೋಮೀಟರಿಗೆ ರಾಜ್ಯದಲ್ಲಿ 319 ಜನ ಇದ್ದರೆ ಇಲ್ಲಿ 135. ಅಂದರೆ 20,000 ಜನರೆಂದರೆ ತೋಟ, ಕಾಡು, ಹೊಳೆಗಳ ನಡುವೆ ಚದುರಿಹೋದ ಮನೆಗಳು. ಡಾಕ್ಟರ ಕೈಕೆಳಗೆ ಸ್ಟಾಫ್ ನರ್ಸ್, ಫಾರ್ಮಸಿ ಅಧಿಕಾರಿ, ಲ್ಯಾಬ್ ಟೆಕ್ನಿಶಿಯನ್, ಉಪಕೇಂದ್ರಗಳ ಸಿಸ್ಟರುಗಳು, ಆರೋಗ್ಯ ನಿರೀಕ್ಷಣಾಧಿಕಾರಿ, ಗ್ರೂಪ್ ‘ಡಿ’ ನೌಕರರು ಮತ್ತು ಸಾವಿರ ಜನಕ್ಕೊಬ್ಬರಂತೆ ಆಶಾ ಕಾರ್ಯಕರ್ತೆಯರು. ಅವರಲ್ಲಿ ಹಲವರಿಗೆ ಈ ಡಾಕ್ಟರ ತಾಯಿಯ ವಯಸ್ಸು. ಔಷಧಿಗೆ ಇಂಡೆಂಟ್ ಹಾಕುವುದು, ಆರೋಗ್ಯ ರಕ್ಷಾ ಸಮಿತಿಯ ಹಣಕ್ಕೆ ಲೆಕ್ಕ ಇಡುವುದು, ಆಶಾ ಪ್ರೋತ್ಸಾಹಧನದ ವರದಿಗೆ ಸಹಿ ಮಾಡುವುದು, ಪಂಚಾಯಿತಿ ಸಭೆಯಲ್ಲಿ ಉತ್ತರ ಕೊಡುವುದು, ಕೆಟ್ಟುಹೋದ ಫ್ರಿಡ್ಜಿನಲ್ಲಿದ್ದ ಲಸಿಕೆಗೆ ಜವಾಬುದಾರಿ ಹೊರುವುದು, ಇವೆಲ್ಲ ಒಪಿಡಿಯ ಸಾಲು ಕರಗಿದ ಮೇಲಿನ ಕೆಲಸಗಳು. ಐದೂವರೆ ವರ್ಷದ ಓದಿನಲ್ಲಿ ಇವುಗಳಲ್ಲಿ ಒಂದನ್ನಾದರೂ ಕೈಯಾರೆ ಮಾಡಿ ನೋಡಿದ ವಿದ್ಯಾರ್ಥಿ ಅಪರೂಪ.

ಭಾಷೆಯ ತೊಡಕು ಬೇರೆ ಇದೆ. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ಎರವರ ಮಾತು, ಜೇನುಕುರುಬರ ಮಾತು, ಈಚೆಗೆ ತೋಟಗಳ ಲೈನ್ ಮನೆಗೆ ಬಂದ ಅಸ್ಸಾಮಿನ ಕಾರ್ಮಿಕರ ಮಾತು, ಎಲ್ಲವೂ ಒಂದೇ ಬೆಂಚಿನ ಮೇಲೆ ಕೂತಿರುತ್ತವೆ. ಡಾಕ್ಟರು ಎಷ್ಟೇ ಜಾಣರಾದರೂ ಬಾಗಿಲಲ್ಲಿ ನಿಂತ ಆಯಮ್ಮನ ಬಾಯಿಯಿಂದಲೇ ರೋಗಿಯ ಕಥೆ ಕೇಳಬೇಕಾಗುತ್ತದೆ. ಆಯಮ್ಮ ಹೇಳಿದ್ದನ್ನು ಗೌರವದಿಂದ ಕೇಳುವ ಡಾಕ್ಟರಿಗೆ ಪೂರ್ತಿ ಕಥೆ ಸಿಗುತ್ತದೆ, ಗದರುವವರಿಗೆ ಅರ್ಧ. ಗುಡ್ಡಗಾಡಿನಲ್ಲಿ ಮುಂದಾಳತ್ವದ ಮೊದಲ ಪಾಠ ಇದೇ ಎಂಬುದು ನನ್ನ ನಂಬಿಕೆ. ಅದನ್ನು ಕಲಿಸುವವರು ಪ್ರೊಫೆಸರುಗಳಲ್ಲ.

ವೈದ್ಯರು ಮುಂದಾಳುಗಳಾಗಬೇಕು ಎಂಬ ಮಾತು ಹೊಸದೇನೂ ಅಲ್ಲ. 1946ರ ಭೋರ್ ಸಮಿತಿಯೇ ಔಷಧಿ ಬರೆದುಕೊಡುವುದರಲ್ಲಿ ಮುಗಿದುಹೋಗದ, ಸಮುದಾಯದ ಆರೋಗ್ಯವನ್ನು ಹೊರುವ ‘ಸಾಮಾಜಿಕ ವೈದ್ಯ’ನನ್ನು ಕಲ್ಪಿಸಿತ್ತು. ಕೆನಡಾದ ವೈದ್ಯ ಶಿಕ್ಷಣ ಚೌಕಟ್ಟು ಡಾಕ್ಟರ ಪಾತ್ರಗಳಲ್ಲಿ ‘ಮ್ಯಾನೇಜರ್’ ಎಂದಿದ್ದುದನ್ನು 2015ರಲ್ಲಿ ‘ಲೀಡರ್’ ಎಂದು ಬದಲಿಸಿತು. ಬ್ರಿಟನ್ನಿನಲ್ಲಿ ವೈದ್ಯಕೀಯ ನಾಯಕತ್ವಕ್ಕೆಂದೇ 2011ರಲ್ಲಿ ಒಂದು ಸಂಸ್ಥೆ ಹುಟ್ಟಿತು. ನಮ್ಮಲ್ಲಿ 2019ರಿಂದ ಜಾರಿಗೆ ಬಂದ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಭಾರತೀಯ ವೈದ್ಯ ಪದವೀಧರರಿಗೆ ಐದು ಪಾತ್ರಗಳನ್ನು ಹೇಳುತ್ತದೆ. ಅವುಗಳಲ್ಲೊಂದು, ಆರೋಗ್ಯ ತಂಡದ ಹಾಗೂ ವ್ಯವಸ್ಥೆಯ ನಾಯಕ ಮತ್ತು ಸದಸ್ಯ. ನಾಯಕನೂ ಹೌದು, ಸದಸ್ಯನೂ ಹೌದು ಎಂದು ಎರಡನ್ನೂ ಸೇರಿಸಿ ಬರೆದವರು ವಿವೇಕಿಗಳು. ಕಾಗದದ ಮೇಲೆ ಹೀಗಿರುವುದು ವಾರ್ಡಿನಲ್ಲಿ ಕಾಣುವುದಿಲ್ಲ ಎಂಬುದೇ ತೊಂದರೆ. ಪರೀಕ್ಷೆಯಲ್ಲಿ ಅಂಕ ಬರುವುದು ರೋಗಪತ್ತೆಗೆ. ತಂಡ ನಡೆಸಿದ್ದಕ್ಕೆ ಅಂಕವಿಲ್ಲ.

ಹಾಗಿದ್ದರೂ ಈ ಸೀಮೆಯಲ್ಲೇ ಮುಂದಾಳುಗಳಾಗಿ ಬೆಳೆದ ಡಾಕ್ಟರುಗಳಿದ್ದಾರೆ. ಅವರು ಹೇಗೆ ಕಲಿತರು ಎಂಬುದನ್ನು ನೋಡಬೇಕು.

ಕೊಡಗಿನ ಗಡಿಗೆ ತಾಗಿದ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಕಬಿನಿ ಅಣೆಕಟ್ಟು, ಬಂಡೀಪುರದ ರಕ್ಷಿತಾರಣ್ಯಗಳಿಂದ ಒಕ್ಕಲೆದ್ದ ಜೇನುಕುರುಬರು, ಕಾಡುಕುರುಬರು, ಎರವರು ಹಾಡಿಗಳಲ್ಲಿ ಬದುಕುತ್ತಿದ್ದಾರೆ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಡಾ. ಆರ್. ಬಾಲಸುಬ್ರಹ್ಮಣ್ಯಂ ಅವರ ಜೊತೆ ಸೇರಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಹಾಡಿಗಳ ನಡುವೆ ಚಿಕಿತ್ಸೆಯಿಂದ ಆರಂಭಿಸಿದವರು ಕೆಂಚನಹಳ್ಳಿ, ಸರಗೂರುಗಳಲ್ಲಿ ಆಸ್ಪತ್ರೆ ಕಟ್ಟಿದರು. ಚಿಕಿತ್ಸೆಯೊಂದೇ ಸಾಲದೆನಿಸಿ ಶಾಲೆಯನ್ನೂ ತೆರೆದರು. ಈ ದಾರಿ ಕೊನೆಗೆ ಎಲ್ಲಿಗೆ ಮುಟ್ಟಿತೆಂದರೆ, ಮೈಸೂರಿನಲ್ಲಿ ನಾಯಕತ್ವ ತರಬೇತಿಗೆಂದೇ ಅವರು ‘ವಿ-ಲೀಡ್’ ಎಂಬ ಸಂಸ್ಥೆ ತೆರೆದರು. 2021ರಲ್ಲಿ ಕೇಂದ್ರ ಸರ್ಕಾರ ರಚಿಸಿದ ಸಾಮರ್ಥ್ಯ ವೃದ್ಧಿ ಆಯೋಗದ ಸದಸ್ಯರಾಗಿ ಬಾಲಸುಬ್ರಹ್ಮಣ್ಯಂ ಅವರನ್ನೇ ಕರೆದರು. ಹಾಡಿಯಲ್ಲಿ ಕಲಿತದ್ದನ್ನು ದೇಶದ ಅಧಿಕಾರಿಗಳಿಗೆ ಕಲಿಸುವ ಜಾಗಕ್ಕೆ ಒಬ್ಬ ಡಾಕ್ಟರು ಹೋದರು.

ಬಿಳಿಗಿರಿರಂಗನ ಬೆಟ್ಟದ ಡಾ. ಎಚ್. ಸುದರ್ಶನ್ ಅವರದು ಇನ್ನೊಂದು ದಾರಿ. 1981ರಲ್ಲಿ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, 1986ರಲ್ಲಿ ಯಳಂದೂರಿನ ಕುಷ್ಠರೋಗದ ಕೆಲಸಕ್ಕಾಗಿ ಕರುಣಾ ಟ್ರಸ್ಟ್, 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸುವ ಹೊಣೆ. ಗುಂಬಳ್ಳಿಯಲ್ಲಿ ಆದದ್ದನ್ನು ಎಲ್ಲರೂ ಗಮನಿಸಬೇಕು. ಹೊಸ ಕಟ್ಟಡವಲ್ಲ, ಸರ್ಕಾರದ್ದೇ ಕೇಂದ್ರ, ಸರ್ಕಾರದ್ದೇ ನಿಯಮ. ಸಿಬ್ಬಂದಿ ಕೇಂದ್ರದ ಆವರಣದಲ್ಲೇ ಇರುವುದು, ರಾತ್ರಿ ಬಾಗಿಲು ತೆರೆದಿರುವುದು, ಔಷಧಿ ಇರುವುದು, ಇಂಥ ಸಾಮಾನ್ಯ ಸಂಗತಿಗಳನ್ನು ಹಟದಿಂದ ಕಾಯ್ದುಕೊಳ್ಳಬೇಕೆಂಬುದೇ ಅಲ್ಲಿನ ಗುರಿ. ಆ ಅನುಭವದ ಬಲದಿಂದಲೇ 1999ರಲ್ಲಿ ರಾಜ್ಯ ಸರ್ಕಾರ ಅವರನ್ನು ಆರೋಗ್ಯ ಕಾರ್ಯಪಡೆಯ ಅಧ್ಯಕ್ಷರನ್ನಾಗಿ ಮಾಡಿತು. 2001ರಲ್ಲಿ ಬಂದ ಅದರ ವರದಿ ಇಲಾಖೆಯ ಭ್ರಷ್ಟಾಚಾರವನ್ನು ಹೆಸರಿಟ್ಟು ಕರೆಯಿತು. ಮುಂದೆ ಲೋಕಾಯುಕ್ತದಲ್ಲಿ ಆರೋಗ್ಯ ವಿಭಾಗದ ಜಾಗೃತ ನಿರ್ದೇಶಕರಾಗಿಯೂ ಅವರು ದುಡಿದರು.

ಕೊಡಗಿನ ಪಶ್ಚಿಮದ ಅಂಚಿನ ಕರಿಕೆಯಿಂದ ಇಳಿದರೆ ಸಿಗುವ ಪಾಣತ್ತೂರು ಕಾಸರಗೋಡು ಜಿಲ್ಲೆಗೆ ಸೇರಿದ್ದು. ಅದೇ ಜಿಲ್ಲೆಯ ಎಣ್ಮಕಜೆ ಪಂಚಾಯಿತಿಯ ಪಡ್ರೆ ಗ್ರಾಮದಲ್ಲಿ ಕನ್ನಡಿಗ ಡಾಕ್ಟರ್ ವೈ.ಎಸ್. ಮೋಹನಕುಮಾರ್ 1980ರ ದಶಕದಿಂದ ಸಣ್ಣ ಕ್ಲಿನಿಕ್ ನಡೆಸುತ್ತಿದ್ದರು. ಅಪಸ್ಮಾರ, ಬುದ್ಧಿಮಾಂದ್ಯ, ಹುಟ್ಟುವಾಗಲೇ ಅಂಗವೈಕಲ್ಯ, ಕ್ಯಾನ್ಸರ್, ಇವು ಒಂದೇ ಸುತ್ತಿನ ಮನೆಗಳಿಂದ ಮತ್ತೆ ಮತ್ತೆ ಬರುತ್ತಿರುವುದು ಅವರ ಗಮನಕ್ಕೆ ಬಂತು. ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುತ್ತಿದ್ದರು. ಪ್ರಶ್ನೆ ಎತ್ತಿದ ಹಳ್ಳಿಯ ಡಾಕ್ಟರ ಮಾತನ್ನು ಮೊದಲು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವರು ಬಿಡಲಿಲ್ಲ, ಪತ್ರಕರ್ತ ಶ್ರೀಪಡ್ರೆಯವರು ಜೊತೆ ನಿಂತರು, ನೊಂದ ಹೆಂಗಸರು ನ್ಯಾಯಾಲಯಕ್ಕೆ ಹೋದರು. ಸಿಂಪಡಣೆ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ಆ ವಿಷವನ್ನು ತಡೆಯಿತು. ಮೋಹನಕುಮಾರ್ ಯಾವ ಹುದ್ದೆಯಲ್ಲೂ ಇರಲಿಲ್ಲ. ಒಂದೇ ಊರಲ್ಲಿ ದೀರ್ಘಕಾಲ ಕೂತದ್ದೇ ಅವರ ಬಲ. ಎರಡು ವರ್ಷಕ್ಕೆ ವರ್ಗವಾಗುವವರ ಕಣ್ಣಿಗೆ ಆ ಮನೆಗಳ ಸಾಲು ಬೀಳುತ್ತಿರಲಿಲ್ಲ.

ಕೊಡಗಿನ ತೋಟಗಳಲ್ಲೂ ಇಂಥದ್ದೇ ಪ್ರಶ್ನೆಗಳು ಬರುತ್ತವೆ. ಒಂದೇ ಲೈನ್ ಮನೆಯಿಂದ ಮೂರು ಮಕ್ಕಳು ವಾಂತಿ ಭೇದಿಗೆ ಬಂದರೆ ಓಆರ್‌ಎಸ್ ಕೊಟ್ಟು ಕಳಿಸುವುದು ಚಿಕಿತ್ಸೆ. ತೋಟದ ರೈಟರಿಗೆ ಫೋನ್ ಮಾಡಿ ನೀರಿನ ತೊಟ್ಟಿ ಯಾವಾಗ ತೊಳೆದಿರಿ ಎಂದು ಕೇಳುವುದು ಮುಂದಾಳತ್ವ. 2025ರವರೆಗೆ ಜಾರಿಯಲ್ಲಿದ್ದ 1951ರ ತೋಟ ಕಾರ್ಮಿಕರ ಕಾಯ್ದೆ ಕುಡಿಯುವ ನೀರು, ಶೌಚಾಲಯ, ವೈದ್ಯಕೀಯ ಸೌಲಭ್ಯ ಒದಗಿಸುವುದು ಮಾಲೀಕರ ಹೊಣೆ ಎಂದಿತ್ತು. ಕಾನೂನು ಗೊತ್ತಿರುವ ಡಾಕ್ಟರಿಗೆ ಫೋನಿನಲ್ಲಿ ದನಿ ಏರಿಸುವ ಅಗತ್ಯವೇ ಬೀಳುವುದಿಲ್ಲ. ಕೊಡಗಿನವರೇ ಆದ ಶಸ್ತ್ರವೈದ್ಯೆ, ಕಾದಂಬರಿಕಾರ್ತಿ ಕಾವೇರಿ ನಂಬೀಸನ್ ಬಿಹಾರ, ಉತ್ತರ ಪ್ರದೇಶ, ತಮಿಳುನಾಡಿನ ಹಳ್ಳಿಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿದವರು. ಕೊಡಗಿನ ಟಾಟಾ ಕಾಫಿ ಆಸ್ಪತ್ರೆಯಲ್ಲೂ ದುಡಿದು ಮಕ್ಕಳ ಲಸಿಕೆ, ಕುಟುಂಬ ಯೋಜನೆಯ ಕೆಲಸ ಕಟ್ಟಿದವರು. ಆರೋಗ್ಯ ಈ ದೇಶದಲ್ಲಿ ಹೇಗೆ ಐಷಾರಾಮವಾಗಿಬಿಟ್ಟಿದೆ ಎಂಬ ಕುರಿತು 2021ರಲ್ಲಿ ಅವರು ಒಂದು ಪುಸ್ತಕವನ್ನೇ ಬರೆದರು. ಕತ್ತರಿ ಹಿಡಿಯುವ ಕೈಗೂ ಊರಿನ ಬಡತನಕ್ಕೂ ಇರುವ ನಂಟನ್ನು ಅವರಷ್ಟು ನೇರವಾಗಿ ಹೇಳಿದ ಶಸ್ತ್ರವೈದ್ಯರು ಕಡಿಮೆ.

ಈ ನಾಲ್ವರನ್ನು ಹೊಗಳಿ ಸುಮ್ಮನಾಗುವುದು ಸುಲಭ. ಆದರೆ ಇವರೆಲ್ಲ ವ್ಯವಸ್ಥೆಯ ಹೊರಗೆ ಅಥವಾ ಅಂಚಿನಲ್ಲಿ ನಿಂತು ಬೆಳೆದವರು. ಸರ್ಕಾರಿ ಸಂಬಳದ ಸಾಮಾನ್ಯ ಡಾಕ್ಟರು ಅವರಂತೆ ಊರಿಗೆ ಊರನ್ನೇ ಕಟ್ಟಬೇಕೆಂದು ನಿರೀಕ್ಷಿಸುವುದು ಅನ್ಯಾಯ. ಅವರಿಗೆ ಬೇಕಾದದ್ದು ಇನ್ನೂ ಚಿಕ್ಕ ಅಳತೆಯ, ದಿನದಿನದ ವಿದ್ಯೆ.

ಅದಕ್ಕೆ ಒಳ್ಳೆಯ ಸಾಕ್ಷ್ಯ ಹೆರಿಗೆ ಕೋಣೆಯಲ್ಲಿ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ತಾಳೆಪಟ್ಟಿಯನ್ನು ಮೊದಲು ಪರೀಕ್ಷಿಸಿದ ಜಾಗಗಳಲ್ಲಿ ಕರ್ನಾಟಕದ ಒಂದು ಗ್ರಾಮೀಣ ಹೆರಿಗೆ ಕೇಂದ್ರವೂ ಸೇರಿತ್ತು. ಹೆರಿಗೆಯ ಹೊತ್ತಿಗೆ ಮಾಡಲೇಬೇಕಾದ 29 ಕೆಲಸಗಳಲ್ಲಿ ಸರಾಸರಿ 10 ಮಾತ್ರ ನಡೆಯುತ್ತಿದ್ದುದು ಪಟ್ಟಿ ಬಂದ ಮೇಲೆ 25ಕ್ಕೆ ಏರಿತು. ಆಮೇಲೆ ಉತ್ತರ ಪ್ರದೇಶದ 120 ಕೇಂದ್ರಗಳಲ್ಲಿ ದೊಡ್ಡ ಅಧ್ಯಯನ ನಡೆಯಿತು. 2017ರಲ್ಲಿ ಫಲಿತಾಂಶ ಬಂತು. ಪಟ್ಟಿ ಕೊಟ್ಟು, ನರ್ಸುಗಳ ಪಕ್ಕ ನಿಂತು ತಿದ್ದುವ ತರಬೇತುದಾರರನ್ನು ಕಳಿಸಿದ ಕೇಂದ್ರಗಳಲ್ಲಿ ಆರಂಭಕ್ಕೆ ಶೇಕಡ 73ರಷ್ಟು ಕೆಲಸಗಳು ಸರಿಯಾಗಿ ನಡೆದವು. ತರಬೇತುದಾರರು ಹೋದ ನಾಲ್ಕು ತಿಂಗಳಿಗೆ ಅದು ಶೇಕಡ 62ಕ್ಕೆ ಇಳಿದಿತ್ತು. ತಾಯಿ ಮಕ್ಕಳ ಸಾವು ಮಾತ್ರ ಕಡಿಮೆಯಾಗಲಿಲ್ಲ. ಪಟ್ಟಿ ಗೋಡೆಯ ಮೇಲೆ ಇರುತ್ತದೆ. ಔಷಧಿ ಮುಗಿದಿದ್ದರೆ ತರಿಸುವವರು, ರೆಫರ್ ಮಾಡಿದ ತಾಯಿಗೆ ದಾರಿಯಲ್ಲಿ ರಕ್ತಸ್ರಾವವಾದರೆ ಮುಂದಿನ ಆಸ್ಪತ್ರೆಗೆ ಮೊದಲೇ ಹೇಳಿಟ್ಟವರು, ‘ಸಾರ್, ಬಿಪಿ ನೋಡಿಲ್ಲ’ ಎಂದು ನರ್ಸ್ ಹೇಳಿದಾಗ ಸಿಡುಕದೆ ನೋಡುವವರು ಅಲ್ಲಿ ಖಾಯಮ್ಮಾಗಿ ಇರಬೇಕು. ಈ ಅಧ್ಯಯನವನ್ನು ನಾನು ಓದುವುದು ಹೀಗೆ.

ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಮಂಗಳೂರು ಸುಮಾರು 140. ಆಂಬುಲೆನ್ಸ್ ಹತ್ತಿಸಿದರೆ ಕೆಲಸ ಮುಗಿಯಿತು ಎನ್ನುವವರಿಗೆ ಈ ದೂರಗಳು ಬರೀ ಅಂಕಿಗಳು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲಗಳ ಕಡೆ ಗುಡ್ಡ ಕುಸಿದು ಮಂಗಳೂರಿನ ರಸ್ತೆ ಮುಚ್ಚಿತು. ಸಾವಿರಾರು ಜನ ಪರಿಹಾರ ಕೇಂದ್ರಗಳಲ್ಲಿ ಇದ್ದರು. 2019ರಲ್ಲಿ ವಿರಾಜಪೇಟೆ ಬಳಿಯ ತೋರ, 2020ರಲ್ಲಿ ತಲಕಾವೇರಿಯ ಬೆಟ್ಟ. ಪರಿಹಾರ ಕೇಂದ್ರದ ಡಾಕ್ಟರ ಕೆಲಸ ಸ್ಟೆತೊಸ್ಕೋಪಿನಿಂದ ಶುರುವಾಗುವುದಿಲ್ಲ. ನೀರಿಗೆ ಕ್ಲೋರಿನ್ ಬಿದ್ದಿದೆಯೇ, ಮನೆ ಬಿಟ್ಟು ಓಡಿಬಂದವರ ಸಕ್ಕರೆ ಕಾಯಿಲೆ ಮಾತ್ರೆ ಎಲ್ಲಿ, ಒಂಬತ್ತು ತಿಂಗಳ ಬಸುರಿಯರು ಯಾರ್ಯಾರು, ಕೆಸರಿನಲ್ಲಿ ಕೆಲಸ ಮಾಡುತ್ತಿರುವವರಿಗೆ ಇಲಿಜ್ವರ ತಡೆಯುವ ಮಾತ್ರೆ ಸಿಕ್ಕಿದೆಯೇ, ಮನೆಮಂದಿಯನ್ನು ಕಳೆದುಕೊಂಡು ಮಾತು ನಿಂತುಹೋದವರ ಪಕ್ಕ ಯಾರು ಕೂತಿದ್ದಾರೆ. ಇವುಗಳಲ್ಲಿ ಒಂದೂ ಡಾಕ್ಟರೊಬ್ಬರೇ ಮಾಡುವ ಕೆಲಸವಲ್ಲ. ಕಂದಾಯ ಇಲಾಖೆ, ಪಂಚಾಯಿತಿ, ಪೊಲೀಸರು, ಅಡುಗೆ ಮಾಡುವ ಸ್ವಯಂಸೇವಕರು ಎಲ್ಲರ ಜೊತೆ ಸೇರಿ ಮಾಡಬೇಕಾದದ್ದು. ಕೋವಿಡ್ ಬಂದಾಗಲೂ ಅಷ್ಟೇ. ಹಳ್ಳಿಯನ್ನು ಸುತ್ತುಗಟ್ಟಿದರೆ ಒಳಗಿರುವವರಿಗೆ ಹಾಲು, ಅಕ್ಕಿ, ಮಾತ್ರೆ ತಲುಪಿಸುವವರನ್ನು ಹೊಂದಿಸುವುದೂ ವೈದ್ಯಕೀಯವೇ. ಆನೆ ತುಳಿದವರು, ಹಾವು ಕಚ್ಚಿದವರು ಬರುವ ಜಿಲ್ಲೆ ಇದು. ಹಾವು ಕಡಿತವನ್ನು ರಾಜ್ಯ 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವನ್ನಾಗಿ ಮಾಡಿದೆ. ಪ್ರತಿವಿಷದ ಸೀಸೆ ಯಾವ ಕೇಂದ್ರದಲ್ಲಿ ಎಷ್ಟಿದೆ ಎಂದು ತಿಳಿದಿರುವ ಡಾಕ್ಟರು ಕಾಡಂಚಿನ ಊರಿನ ಪಾಲಿಗೆ ಎಷ್ಟು ದೊಡ್ಡವರು!

ಸೇನೆಯ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಆಶಾ ಕಾರ್ಯಕರ್ತೆ ಸಿಪಾಯಿಯಲ್ಲ. ಆಕೆಗೆ ಸಿಗುವುದು ಗೌರವಧನ, ಪ್ರೋತ್ಸಾಹಧನ. ‘ಹೋಗು’ ಎಂದರೆ ಮಳೆಯಲ್ಲಿ ಹೊಳೆ ದಾಟಿ ಹಾಡಿಗೆ ಹೋಗುವ ಬಾಧ್ಯತೆ ಆಕೆಗೆ ಯಾವ ಕಾನೂನಿನಿಂದಲೂ ಬಂದಿಲ್ಲ. ಆಕೆ ಹೋಗುವುದು ಹಾಡಿಯವರ ಮೇಲಿನ ಕಕ್ಕುಲಾತಿಯಿಂದ. ತನ್ನ ಡಾಕ್ಟರು ತನ್ನ ಬಿಲ್ಲನ್ನು ತಡಮಾಡದೆ ಕಳಿಸುತ್ತಾರೆ, ತಾನು ಕರೆತಂದ ರೋಗಿಯನ್ನು ಕಾಯಿಸುವುದಿಲ್ಲ ಎಂಬ ಭರವಸೆಯಿಂದ. ಆಜ್ಞೆಯ ನಾಯಕತ್ವ ಇಲ್ಲಿ ಸಾಗುವುದಿಲ್ಲ. ಕೊಡಗಿನ ಒಕ್ಕಗಳಲ್ಲಿ, ಅಂದರೆ ಮನೆತನಗಳಲ್ಲಿ, ಹಿರಿಯನೇ ಪಟ್ಟೆದಾರ, ಯಜಮಾನ. ವಯಸ್ಸಿಗೆ ಗೌರವ ಕೊಡುವ ಆ ಪದ್ಧತಿ ಕುಟುಂಬಕ್ಕೆ ಚೆಂದ. ಆರೋಗ್ಯ ಇಲಾಖೆಯೂ ಬಹುಪಾಲು ಜ್ಯೇಷ್ಠತೆಯ ಲೆಕ್ಕದಲ್ಲೇ ಮೇಲಿನ ಕುರ್ಚಿ ಕೊಡುತ್ತದೆ. ಮೂವತ್ತು ವರ್ಷ ಅಚ್ಚುಕಟ್ಟಾಗಿ ಹರ್ನಿಯಾ ಹೊಲಿದ ಶಸ್ತ್ರವೈದ್ಯರನ್ನು ಒಂದು ಬೆಳಗ್ಗೆ ಕಡತಗಳ ಮುಂದೆ ಕೂರಿಸಿದರೆ ಒಳ್ಳೆಯ ಸರ್ಜನ್ನರನ್ನು ಕಳೆದುಕೊಳ್ಳುತ್ತೇವೆ. ಒಳ್ಳೆಯ ಆಡಳಿತಗಾರರು ಸಿಗುತ್ತಾರೆಂಬ ಖಾತ್ರಿ ಇಲ್ಲ. ತಮಿಳುನಾಡು ಬಹುಕಾಲದಿಂದ ಸಾರ್ವಜನಿಕ ಆರೋಗ್ಯಕ್ಕೆ ಪ್ರತ್ಯೇಕ ವೃಂದ ಇಟ್ಟುಕೊಂಡು ಈ ತೊಂದರೆಯನ್ನು ಅಷ್ಟಿಷ್ಟು ನೀಗಿಸಿಕೊಂಡಿದೆ. 2017ರ ರಾಷ್ಟ್ರೀಯ ಆರೋಗ್ಯ ನೀತಿಯೂ ಎಲ್ಲ ರಾಜ್ಯಗಳಿಗೆ ಅಂಥ ವೃಂದವನ್ನೇ ಸೂಚಿಸಿತು.

ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ವರ್ಷಕ್ಕೆ 150 ವಿದ್ಯಾರ್ಥಿಗಳ ಪ್ರವೇಶದೊಂದಿಗೆ ಆರಂಭವಾಯಿತು. ಜಿಲ್ಲೆಯ ಇತಿಹಾಸದಲ್ಲಿ ಇದು ದೊಡ್ಡ ತಿರುವು. ಹಿಂದೆ ಇಲ್ಲಿನ ಡಾಕ್ಟರುಗಳೆಲ್ಲ ಹೊರಗೆ ಕಲಿತು ಬರುತ್ತಿದ್ದರು. ಈಗ ಬೆಟ್ಟದಲ್ಲೇ ಕಲಿಸಬಹುದು. ವೈದ್ಯ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ಪಡೆದು ಓದು ಮುಗಿಯುವವರೆಗೆ ಅವರ ಆರೋಗ್ಯ ನೋಡಿಕೊಳ್ಳಬೇಕೆಂಬ ನಿಯಮ ಪಠ್ಯಕ್ರಮದಲ್ಲೇ ಇದೆ. ಇಂಟರ್ನ್‌ಶಿಪ್ಪಿನಲ್ಲಿ ಸಮುದಾಯ ವೈದ್ಯಕೀಯಕ್ಕೆ 12 ವಾರ ಮೀಸಲಿದೆ. ಮುಂದಾಳತ್ವ ಕಲಿಸಲು ಹೊಸ ಪಠ್ಯ, ಹೊಸ ಕಟ್ಟಡ, ಪಂಚತಾರಾ ಹೋಟೆಲಿನ ಕಾರ್ಯಾಗಾರ ಯಾವುದೂ ಬೇಡ. ದತ್ತು ಪಡೆಯುವ ಕುಟುಂಬಗಳು ದಿಡ್ಡಳ್ಳಿಯಿಂದ ಎಬ್ಬಿಸಲ್ಪಟ್ಟು ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ನೆಲೆಸಿದ ಆದಿವಾಸಿಗಳದೂ ಆಗಲಿ, ಲೈನ್ ಮನೆಗಳದೂ ಆಗಲಿ. ಆ 12 ವಾರಗಳಲ್ಲಿ ಇಂಟರ್ನಿಗೆ ಸಹಿ ಹಾಕಿಸಿಕೊಳ್ಳುವ ಹಾಜರಿ ಪುಸ್ತಕದ ಬದಲು ಒಂದು ನಿಜವಾದ ಹೊಣೆ ಸಿಗಲಿ: ಒಂದು ಉಪಕೇಂದ್ರದ ಲಸಿಕಾ ದಿನ, ಒಂದು ತಿಂಗಳ ಆಶಾ ಸಭೆ, ಒಂದು ಔಷಧಿ ಇಂಡೆಂಟ್, ಒಂದು ತಾಯಿ ಮರಣದ ಪರಿಶೋಧನಾ ಸಭೆಯ ಟಿಪ್ಪಣಿ. ಮರಣ ಪರಿಶೋಧನೆ ಯಾರನ್ನೂ ಶಿಕ್ಷಿಸುವುದಕ್ಕಲ್ಲ ಎಂದು ಮಾರ್ಗಸೂಚಿಯೇ ಹೇಳುತ್ತದೆ. ಆ ಸಭೆಯಲ್ಲಿ ಹಿರಿಯ ಡಾಕ್ಟರು ‘ಯಾರ ತಪ್ಪು’ ಎಂದು ಕೇಳುತ್ತಾರೋ ‘ಎಲ್ಲಿ ತಡವಾಯಿತು’ ಎಂದು ಕೇಳುತ್ತಾರೋ ಎಂಬುದನ್ನು ಮೂಲೆಯಲ್ಲಿ ಕೂತ ಇಂಟರ್ನ್ ಜೀವನವಿಡೀ ಮರೆಯುವುದಿಲ್ಲ.

ಉಳಿದದ್ದು ಕಾಲದ ಪ್ರಶ್ನೆ. 2012ರ ಕಡ್ಡಾಯ ಸೇವಾ ಕಾಯ್ದೆ ಯುವ ವೈದ್ಯರಿಗೆ ನಿಗದಿಪಡಿಸಿದ್ದು ಒಂದು ವರ್ಷ. ಕೊಡಗಿನಲ್ಲಿ ಒಂದು ವರ್ಷವೆಂದರೆ ಒಂದೇ ಮಳೆಗಾಲ. ಮೊದಲ ಮಳೆಗಾಲದಲ್ಲಿ ಯಾವ ರಸ್ತೆ ಮುಚ್ಚುತ್ತದೆ, ಯಾವ ಹಾಡಿ ತುಂಡಾಗುತ್ತದೆ, ಯಾವ ಜೀಪಿನವರು ನಡುರಾತ್ರಿ ಕರೆದರೂ ಬರುತ್ತಾರೆ ಎಂಬುದು ಗೊತ್ತಾಗುತ್ತದೆ. ಗೊತ್ತಾದದ್ದು ಉಪಯೋಗಕ್ಕೆ ಬರುವುದು ಎರಡನೆಯ ಮಳೆಗಾಲದಲ್ಲಿ. ಅಷ್ಟರಲ್ಲಿ ಆ ಡಾಕ್ಟರು ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಬರೆದು ಹೋಗಿರುತ್ತಾರೆ. ಹೋಗುವುದು ಅವರ ತಪ್ಪಲ್ಲ. ಎರಡು ಮಳೆಗಾಲ ನಿಲ್ಲುವವರಿಗೆ ಸ್ನಾತಕೋತ್ತರ ಪ್ರವೇಶದಲ್ಲಿ ಹೆಚ್ಚಿನ ಆದ್ಯತೆ, ಇರಲು ಸೋರದ ವಸತಿಗೃಹ, ಐವತ್ತು ಸಾವಿರದೊಳಗಿನ ಖರ್ಚನ್ನು ಮೇಲಿನವರನ್ನು ಕೇಳದೆ ಮಾಡುವ ಅಧಿಕಾರ, ಮತ್ತು ಬಿಟ್ಟುಹೋಗುವ ಡಾಕ್ಟರು ಹೊಸಬರ ಜೊತೆ ಎರಡು ವಾರವಾದರೂ ಕೂಡಿ ದುಡಿಯಬೇಕೆಂಬ ನಿಯಮ, ಇಷ್ಟನ್ನು ಜಿಲ್ಲೆ ಕೇಳಬೇಕು. ಜಿಲ್ಲಾ ಪಂಚಾಯಿತಿಯ ಕೆಡಿಪಿ ಪ್ರಗತಿ ಪರಿಶೀಲನಾ ಸಭೆಯಲ್ಲಿ ಖಾಲಿ ಹುದ್ದೆಗಳ ಲೆಕ್ಕ ಕೇಳುವ ಜನಪ್ರತಿನಿಧಿಗಳು, ತುಂಬಿದ ಹುದ್ದೆಯಲ್ಲಿ ಡಾಕ್ಟರು ಎಷ್ಟು ತಿಂಗಳು ನಿಂತರು ಎಂಬ ಲೆಕ್ಕವನ್ನೂ ಅದೇ ಸಭೆಯಲ್ಲಿ, ಮೇ ತಿಂಗಳು ಮುಗಿಯುವುದರೊಳಗೆ ಕೇಳಲಿ.